ಎತ್ತರದ ಲೆಕ್ಕ

ಮೊನ್ನೆ ಬೆಂಗಳೂರಿನಿಂದ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂತು. ಹಳೆಯದೊಂದು ಮಹೀಂದ್ರ ಜೀಪನ್ನು ಕೊಂಡಿದ್ದಾನಂತೆ. ಅದನ್ನು ನಾಲ್ಕು ಇಂಚು ಎತ್ತರಿಸಿ ಕಾಡುದಾರಿಗಳಲ್ಲಿ ಓಡಿಸಬೇಕೆಂಬ ಆಸೆ. ಯಾವ ಬ್ಲೇಡು ಹಾಕಿಸಲಿ, ಸ್ಟೀರಿಂಗಿಗೆ ಏನು ಮಾಡಿಸಲಿ ಎಂದು ಕೇಳಿದ. "ನಿಮ್ಮ ಮನೆ ಜೀಪಿಗೆ ಹಿಂದೆ ಮಾಡಿಸಿದ್ರಲ್ಲ ಸಾರ್, ನಿಮಗೆ ಗೊತ್ತಿರುತ್ತೆ" ಎಂದ. ಗೊತ್ತಿದೆ, ನಿಜ. ಆದರೆ ಹೇಗೆ ಗೊತ್ತಾಯಿತು ಎಂಬುದನ್ನು ಹೇಳಲು ಆ ಹೊತ್ತಿನಲ್ಲಿ ನಾಲಗೆ ಏಳಲಿಲ್ಲ. ಬರೆದು ತಿಳಿಸುತ್ತೇನೆ ಎಂದೆ. ಇದನ್ನು ನಮ್ಮ ಮನೆಯವರೂ ಓದುತ್ತಾರೆಂದು ಬಲ್ಲೆ. ಓದಲಿ.

ಕೊಪ್ಪದ ಸಮೀಪದ ನಮ್ಮ ತೋಟದ ಮನೆಗೆ ಡಾಮರು ರಸ್ತೆಯಿಂದ ಒಂದೂವರೆ ಕಿಲೋಮೀಟರು ಮಣ್ಣಿನ ದಾರಿ. ಮಳೆಗಾಲ ಹಿಡಿಯಿತೆಂದರೆ ಚಕ್ರದ ಜಾಡುಗಳು ಕೊರೆದು ಆಳವಾಗುತ್ತವೆ, ನಡುವಿನ ದಿಂಡು ಕಲ್ಲುಗಳ ಸಮೇತ ಎದ್ದು ನಿಲ್ಲುತ್ತದೆ. ನನ್ನ ತಮ್ಮನ 1993ರ ಡೀಸೆಲ್ ಜೀಪು ಅದೇ ದಾರಿಯಲ್ಲಿ ಇಪ್ಪತ್ತು ವರ್ಷ ಅಡಿಕೆ ಮೂಟೆ, ಗೊಬ್ಬರ, ಬಾಣಂತಿಯರು, ಮದುವೆಯ ದಿಬ್ಬಣ ಎಲ್ಲವನ್ನೂ ಹೊತ್ತಿತ್ತು. ಕೊನೆಕೊನೆಗೆ ಆಕ್ಸಲಿನ ನಡುವೆ ಗುಂಡಗೆ ಊದಿಕೊಂಡಿರುವ ಡಿಫರೆನ್ಷಿಯಲ್ ಭಾಗ ಕಲ್ಲಿಗೆ ತಾಗಿ 'ಖಣ್' ಎನ್ನುವುದು ಮನೆಯ ಜಗಲಿಗೂ ಕೇಳಿಸುತ್ತಿತ್ತು.

2014ರ ಬೇಸಗೆಯಲ್ಲಿ ತಮ್ಮನ ಮಗ ನನ್ನ ಬಳಿ ಬಂದ. "ದೊಡ್ಡಪ್ಪ, ಜೀಪನ್ನ ನಾಲ್ಕು ಇಂಚು ಎತ್ತರಿಸಿದರೆ ಈ ಕಾಟವೇ ಇರುವುದಿಲ್ಲ. ಅಪ್ಪ ದುಡ್ಡು ಕೊಡುವುದಿಲ್ಲ." ನಾನು ಮೂವತ್ತು ಸಾವಿರ ಕೊಟ್ಟೆ. ತಮ್ಮನಿಗೆ ತಿಳಿಸಲಿಲ್ಲ, ಹುಡುಗನ ಉಳಿತಾಯದ ಹಣವೆಂದೇ ಅವನು ತಿಳಿದ.

ಹಣ ಕೊಡುವ ಮೊದಲು ಪೇಟೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ನನ್ನ ಇನ್ನೊಬ್ಬ ಶಿಷ್ಯನನ್ನು ಕೇಳಿದ್ದೆ. ಹೆಸರು ಬರೆದರೆ ಅವನಿಗೆ ಸಂಕೋಚ. ಹತ್ತನೆಯ ತರಗತಿಯ ಗಣಿತದಲ್ಲಿ ಎರಡು ಸಲ ಅನುತ್ತೀರ್ಣನಾಗಿ ಶಾಲೆ ಬಿಟ್ಟವನು. ಅವನು ಕೈ ಒರೆಸಿಕೊಳ್ಳುತ್ತ, "ಸಾರ್, ಬ್ಲೇಡ್ ಎತ್ತರಿಸಿದ್ರೆ ಚಾಸಿ ಏಳ್ತದೆ, ಗುಂಡು ಏಳುವುದಿಲ್ಲ. ಮತ್ತೆ ಸ್ಟೀರಿಂಗ್ ಕೈಗೆ ನಿಲ್ಲುವುದಿಲ್ಲ" ಎಂದ. ನಾನು ನಕ್ಕು, "ಪರೀಕ್ಷೆಯಲ್ಲಿ ಬಿಟ್ಟು ಬಂದ ಲೆಕ್ಕವನ್ನು ಈಗ ನನಗೇ ಹೇಳಿಕೊಡುತ್ತೀಯಾ?" ಎಂದೆ. ಅಂಗಡಿಯಲ್ಲಿದ್ದ ನಾಲ್ಕು ಜನರೂ ನಕ್ಕರು. ಅವನೂ ನಕ್ಕ.

ಅವನು ಹೇಳಿದ ಮೊದಲ ಮಾತು ಎಷ್ಟು ಸರಳ ನೋಡಿ. ಇಂಥ ಜೀಪಿನಲ್ಲಿ ಎಡ ಬಲ ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಜೋಡಿಸುತ್ತದೆ. ಆಕ್ಸಲಿಗೂ ಚಾಸಿಗೂ ನಡುವೆ ಇರುವುದು ಲೀಫ್ ಸ್ಪ್ರಿಂಗು, ನಮ್ಮ ಕಡೆಯ ಮಾತಿನಲ್ಲಿ ಬ್ಲೇಡು. ಅದನ್ನು ಎಷ್ಟು ಎತ್ತರಿಸಿದರೂ ಮೇಲೇಳುವುದು ಸ್ಪ್ರಿಂಗಿನ ಮೇಲಿರುವ ಚಾಸಿ ಮತ್ತು ಮೈ ಮಾತ್ರ. ಆಕ್ಸಲು ನೆಲದಿಂದ ಎಷ್ಟು ಮೇಲಿದೆ ಎಂಬುದನ್ನು ನಿರ್ಧರಿಸುವುದು ಟಯರು. ಟಯರಿನ ವ್ಯಾಸ ಎರಡು ಇಂಚು ಹೆಚ್ಚಿದರೆ ಆಕ್ಸಲು ಒಂದು ಇಂಚು ಏಳುತ್ತದೆ, ಬೇರೆ ದಾರಿಯಿಲ್ಲ. ತ್ರಿಜ್ಯ ಮತ್ತು ವ್ಯಾಸದ ಸಂಬಂಧವನ್ನು ಮೂವತ್ತನಾಲ್ಕು ವರ್ಷ ಕಪ್ಪುಹಲಗೆಯ ಮೇಲೆ ಬರೆದವನಿಗೆ ಇದು ಹೊಳೆಯಲಿಲ್ಲ.

ದೂರದ ಊರಿನ ಒಂದು ಗ್ಯಾರೇಜಿನಲ್ಲಿ ಕೆಲಸವಾಯಿತು. ಇಪ್ಪತ್ತು ವರ್ಷದ ದಣಿದ ಬ್ಲೇಡುಗಳನ್ನೇ ಸುತ್ತಿಗೆಯಿಂದ ಬಡಿದು ಮತ್ತೆ ಕಮಾನು ಕೊಟ್ಟರು, ಪ್ರತಿ ಕಟ್ಟಿಗೆ ಎರಡೆರಡು ಹೆಚ್ಚಿನ ಪಟ್ಟಿ ಸೇರಿಸಿದರು. ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ ಎಂಬ ಕೊಂಡಿಯನ್ನು ಎರಡು ಇಂಚು ಉದ್ದ ಮಾಡಿದರು. ಕೊಂಡಿ ಇರುವುದು ಒಂದು ತುದಿಗೆ ಮಾತ್ರವಾದ್ದರಿಂದ ಅದು ಎರಡು ಇಂಚು ಬೆಳೆದರೆ ಗಾಡಿ ಏಳುವುದು ಒಂದೇ ಇಂಚು. ಉಳಿದ ಮೂರು ಇಂಚು ಕಮಾನಿನಿಂದ. ಸ್ಟೀರಿಂಗ್ ಬಾಕ್ಸಿನ ತೋಳಿನಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್ ಎಂಬ ಸರಳು ಈಗ ಇಳಿಜಾರಾಗಿ ಸ್ಪ್ರಿಂಗಿಗೆ ಉಜ್ಜುತ್ತಿತ್ತು. ಅದನ್ನು ಕೆಂಪಗೆ ಕಾಯಿಸಿ ಬಗ್ಗಿಸಿದರು.

ಜೀಪು ಮನೆಗೆ ಬಂದಾಗ ಆನೆಯ ಮರಿಯಂತೆ ಕಾಣುತ್ತಿತ್ತು. ತೋಟದ ದಾರಿಯಲ್ಲಿ ಅದೇ ಕಲ್ಲು, ಅದೇ 'ಖಣ್'. ಹುಡುಗ ನನ್ನ ಮುಖ ನೋಡಿದ. ನಾನು ಹಲಸಿನ ಮರ ನೋಡಿದೆ.

ಆ ವರ್ಷದ ಜುಲೈ ತಿಂಗಳಲ್ಲಿ ತಮ್ಮನ ಹೆಂಡತಿಯನ್ನು ತಪಾಸಣೆಗೆಂದು ಮಣಿಪಾಲಕ್ಕೆ ಕರೆದೊಯ್ಯಬೇಕಿತ್ತು. ಹುಡುಗ ಓಡಿಸುತ್ತಿದ್ದ, ನಾನು ಹಿಂದೆ ಕುಳಿತಿದ್ದೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಅರ್ಧದಷ್ಟು ಇಳಿದಿದ್ದೆವು. ಮುಂದಿನ ಒಂದು ಚಕ್ರ ಗುಂಡಿಗೆ ಬಿದ್ದು ಎದ್ದಿತು. ಹುಡುಗ ತಿರುಗಿಸದಿದ್ದರೂ ಗಾಡಿ ತಾನಾಗಿ ಪಕ್ಕಕ್ಕೆ ಹೊರಳಿತು. ಎದುರಿನಿಂದ ಮಿನಿಬಸ್ಸು ಏರಿ ಬರುತ್ತಿತ್ತು. ಹುಡುಗ ಸ್ಟೀರಿಂಗನ್ನು ಎಳೆದು ಹಿಡಿದ. ಬಸ್ಸು ತಪ್ಪಿತು, ಜೀಪು ತಡೆಗೋಡೆಗೆ ಒರಗಿ ನಿಂತಿತು. ಆಕೆಯ ಬಲಗೈಯ ಮಣಿಕಟ್ಟು ಮುರಿಯಿತು. ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿಕೊಳ್ಳುತ್ತ ಆಕೆ, "ಭಾವ, ಹುಡುಗನಿಗೆ ಬೈಯಬೇಡಿ, ಅವನು ಪಾಪ ಅವನ ದುಡ್ಡಲ್ಲಿ ಮಾಡಿಸಿದ್ದು" ಎಂದಳು. ನಾನು ತಲೆಯಾಡಿಸಿದೆ.

ಜೀಪನ್ನು ಕಟ್ಟಿ ಎಳೆದು ತಂದವನು ಪೇಟೆಯ ಅದೇ ಶಿಷ್ಯ. ಗ್ಯಾರೇಜಿನಲ್ಲಿ ನನಗೆ ಸ್ಟೂಲು ಹಾಕಿ, ಚಹಾ ತರಿಸಿ, ಗಾಡಿಯ ಕೆಳಗೆ ಮಲಗಿದ. ಹಿಂದಿನ ಮಾತನ್ನು ಅವನು ಎತ್ತಲಿಲ್ಲ. "ಯಾಕೆ ಎಳೀತದೆ ಅಂತ ನನಗೆ ಕೈಯಲ್ಲಿ ಗೊತ್ತು ಸಾರ್, ಬಾಯಲ್ಲಿ ಹೇಳುವುದಕ್ಕೆ ಬರುವುದಿಲ್ಲ" ಎಂದ. ನಾನು ಸುಣ್ಣದ ಕಡ್ಡಿ ಕೇಳಿ ನೆಲದ ಮೇಲೆ ಬರೆದೆ.

ಡ್ರ್ಯಾಗ್ ಲಿಂಕನ್ನು ಕೈವಾರದ ಕಾಲೆಂದು ತಿಳಿಯಿರಿ. ಮೊಳೆಯ ತುದಿ ಸ್ಟೀರಿಂಗ್ ತೋಳಿನಲ್ಲಿ, ಪೆನ್ಸಿಲಿನ ತುದಿ ಆಕ್ಸಲಿನಲ್ಲಿ. ಉದ್ದ 60 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಸರಳು ಮಟ್ಟಸವಾಗಿದ್ದಾಗ ಚಕ್ರ 5 ಸೆಂಟಿಮೀಟರು ಮೇಲೇರಿದರೆ ಅಡ್ಡಳತೆಯಲ್ಲಾಗುವ ವ್ಯತ್ಯಾಸ ಸುಮಾರು 2 ಮಿಲಿಮೀಟರು. ಕೈಗೆ ತಿಳಿಯುವುದೇ ಇಲ್ಲ. ಗಾಡಿಯನ್ನು 10 ಸೆಂಟಿಮೀಟರು, ಅಂದರೆ ನಾಲ್ಕು ಇಂಚು, ಎತ್ತರಿಸಿದಾಗ ಸರಳು ಅಷ್ಟು ಇಳಿಜಾರಾಗುತ್ತದೆ. ಆಗ ಅದೇ 5 ಸೆಂಟಿಮೀಟರಿನ ಏರಿಕೆಗೆ 6 ಮಿಲಿಮೀಟರಿಗೂ ಮಿಕ್ಕಿದ ವ್ಯತ್ಯಾಸ, ಮೂರು ಪಟ್ಟು. ಆ ತಳ್ಳುವಿಕೆ ನೇರವಾಗಿ ಚಕ್ರವನ್ನು ತಿರುಗಿಸುತ್ತದೆ. ಪೈಥಾಗೊರಸನ ಪ್ರಮೇಯ ಬಲ್ಲವರು ತಾಳೆ ನೋಡಬಹುದು. ಇನ್ನು ಸರಳನ್ನು ಬಗ್ಗಿಸಿದರೆ ಬಂದ ಲಾಭವೇನು? ಏನೂ ಇಲ್ಲ. ಲೆಕ್ಕಕ್ಕೆ ಬರುವುದು ಎರಡು ಕೀಲುಗಳ ನಡುವಿನ ಸರಳರೇಖೆ, ಸರಳಿನ ಆಕಾರವಲ್ಲ. ಬಗ್ಗಿದ ಕಬ್ಬಿಣ ಬಲ ಕಳೆದುಕೊಂಡದ್ದಷ್ಟೇ ಉಳಿಯಿತು.

ಇನ್ನೊಂದು ದೋಷವನ್ನು ಅವನೇ ತೋರಿಸಿದ. ಸೈಕಲಿನ ಮುಂದಿನ ಫೋರ್ಕು ಓರೆಯಾಗಿರುವುದು, ಕೈಬಿಟ್ಟು ಓಡಿಸಿದರೂ ಚಕ್ರ ನೇರಕ್ಕೆ ಮರಳಲು ನೆರವಾಗುತ್ತದೆ. ಶಾಲೆಯ ಮೈದಾನದಲ್ಲಿ ನೀವೆಲ್ಲ ಹಾಗೆ ಓಡಿಸಿ ನನ್ನಿಂದ ಬೈಸಿಕೊಂಡವರೇ. ಜೀಪಿನ ಮುಂದಿನ ಚಕ್ರ ತಿರುಗುವ ಅಕ್ಷವೂ ಹಾಗೆಯೇ ಸುಮಾರು ಮೂರು ಡಿಗ್ರಿ ಹಿಂದಕ್ಕೆ ಓರೆಯಾಗಿರಬೇಕು. ಇದಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ನಮ್ಮ ಜೀಪಿನಲ್ಲಿ ಮುಂದಿನ ಸ್ಪ್ರಿಂಗಿನ ಶ್ಯಾಕಲ್ ಇರುವುದು ಮುಂತುದಿಯಲ್ಲಿ. ಅದನ್ನು ಉದ್ದ ಮಾಡಿದಾಗ ಸ್ಪ್ರಿಂಗು ಮೂತಿ ಕೆಳಗೆ ಮಾಡಿ, ಆಕ್ಸಲನ್ನೂ ಮುಂದಕ್ಕೆ ಹೊರಳಿಸಿ, ಆ ಓರೆಯನ್ನು ನುಂಗಿಬಿಟ್ಟಿತ್ತು. ನನ್ನ ಕೋನಮಾಪಕಕ್ಕೆ ದಾರ ಕಟ್ಟಿ, ದಾರಕ್ಕೊಂದು ನಟ್ಟು ತೂಗಿಸಿ ಅಳೆದೆವು. ಒಂದು ಡಿಗ್ರಿಯೂ ಉಳಿದಿರಲಿಲ್ಲ.

ಮುಂದೇನು ಎಂದು ಕೇಳಿದೆ. ನಾಲ್ಕು ಇಂಚು ಬೇಕೇ ಬೇಕೆಂದರೆ ಸ್ಟೀರಿಂಗ್ ಬಾಕ್ಸಿಗೆ ಕೆಳಕ್ಕೆ ಇಳಿಬಿದ್ದ ಬೇರೆ ತೋಳು ಬೇಕು, ಇಲ್ಲವೇ ಸರಳಿನ ಇನ್ನೊಂದು ತುದಿಯನ್ನು ಚಕ್ರದ ಬಳಿ ಮೇಲಕ್ಕೆ ಎತ್ತಿ ಕೂರಿಸಬೇಕು; ಕ್ಯಾಸ್ಟರಿಗೆ ಬೆಣೆ, ಬ್ರೇಕಿಗೆ ಉದ್ದದ ಹೋಸು, ಪ್ರೊಪೆಲ್ಲರ್ ಶಾಫ್ಟಿನ ಕೋನಕ್ಕೆ ಮತ್ತೊಂದು ಕೆಲಸ ಎಂದು ಬೆರಳು ಮಡಚುತ್ತ ಹೋದ. ಇಳಿಬಿದ್ದ ತೋಳು ಬಾಕ್ಸಿನ ಶಾಫ್ಟನ್ನು ಹೆಚ್ಚು ತಿರುಚುತ್ತದೆ ಎಂಬುದನ್ನೂ ಸೇರಿಸಿದ. ಆಮೇಲೆ, "ಸಾರ್, ಈ ಗಾಡಿಗೆ ಎತ್ತರ ಬೇಕಾದದ್ದಲ್ಲ. ಇದ್ದ ಎತ್ತರ ಕಳೆದುಹೋಗಿತ್ತು" ಎಂದ.

ಕಾರ್ಖಾನೆಯ ಅಳತೆಯ ಹೊಸ ಬ್ಲೇಡಿನ ಕಟ್ಟು ತರಿಸಿದೆವು. ಸ್ಪ್ರಿಂಗಿನ ಉಕ್ಕನ್ನು ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದ ಮಾಡಿ ಆ ಕಮಾನನ್ನು ಕೂರಿಸಿರುತ್ತಾರೆ. ತಣ್ಣಗೆ ಬಡಿದು ಕೊಟ್ಟ ಕಮಾನು ಭಾರ ಬಿದ್ದಂತೆ ಮತ್ತೆ ಕುಸಿಯುತ್ತದೆ, ನಮ್ಮದು ಎರಡೇ ತಿಂಗಳಲ್ಲಿ ಅರ್ಧ ಇಂಚು ಕುಸಿದಿತ್ತು. ಹಳೆಯ ಅಳತೆಯ ಶ್ಯಾಕಲ್, ಹೊಸ ಬುಷ್, ಹೊಸ ಯು ಬೋಲ್ಟು, ಹೊಸ ನೇರ ಸರಳು, ಸವೆದಿದ್ದ ಟೈ ರಾಡ್ ಎಂಡುಗಳ ಬದಲಿಗೆ ಹೊಸವು. ಮೊದಲಿನ ದಣಿದ ಸ್ಥಿತಿಗಿಂತ ಜೀಪು ಒಂದೂ ಮುಕ್ಕಾಲು ಇಂಚು ಎದ್ದಿತು, ಸರಳು ಬಹುಮಟ್ಟಿಗೆ ಮಟ್ಟಸವಾಯಿತು, ಕ್ಯಾಸ್ಟರು ತನ್ನ ಜಾಗಕ್ಕೆ ಬಂತು. ಕಲ್ಲಿನ ವಿಷಯಕ್ಕೆ ಬಂದರೆ, ಇಬ್ಬರು ಆಳುಗಳು ಹಾರೆ ಹಿಡಿದು ಮೂರು ದಿನದಲ್ಲಿ ದಿಂಡು ಅಗೆದು ಹಾಕಿದರು, ಎರಡು ಕಡೆ ಅಡ್ಡ ಚರಂಡಿ ತೆಗೆದರು. ಇದಕ್ಕೆ ತಗಲಿದ್ದು ಮೂವತ್ತು ಸಾವಿರವಲ್ಲ.

ಬೆಂಗಳೂರಿನ ಹುಡುಗನಿಗೆ ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ಓದು. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಬಾರದೆಂದು ಅದು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಹಣ ಖರ್ಚು ಮಾಡುವ ಮೊದಲು ನಿನ್ನ ಜೀಪಿನ ಬ್ಲೇಡು ಎಷ್ಟು ಕುಸಿದಿದೆ ಎಂದು ಅಳೆದು ನೋಡು. ಸಮತಟ್ಟು ನೆಲದಲ್ಲಿ ಬರಿಗಾಡಿ ನಿಲ್ಲಿಸಿ, ಚಾಸಿಯಿಂದ ಆಕ್ಸಲಿಗೆ ನಾಲ್ಕೂ ಕಡೆ ಅಳೆದು ಬರೆದುಕೋ.

ತಮ್ಮನ ಹೆಂಡತಿಯ ಮಣಿಕಟ್ಟು ಮಳೆಗಾಲದಲ್ಲಿ ಈಗಲೂ ನೋಯುತ್ತದೆ. ಆ ಹಣ ನನ್ನದೆಂದು, ಎಚ್ಚರಿಸಿದವನನ್ನು ನಾಲ್ಕು ಜನರೆದುರು ನಗೆಪಾಟಲು ಮಾಡಿದ್ದೆನೆಂದು ಆಕೆಗೆ ಇಂದು ಇಲ್ಲಿ ಓದಿಯೇ ತಿಳಿಯಬೇಕು. ಗ್ಯಾರೇಜಿನವನಿಗೆ ಮಾತ್ರ ನಿನ್ನೆ ಸಂಜೆ ನಾನೇ ಹೋಗಿ ಹೇಳಿ ಬಂದೆ. ಅವನು, "ಅಯ್ಯೋ ಬಿಡಿ ಸಾರ್, ಅದೆಲ್ಲ ಯಾರು ನೆನಪಿಟ್ಕೊಳ್ತಾರೆ" ಎಂದು, ಆ ದಿನ ಅಂಗಡಿಯಲ್ಲಿದ್ದ ನಾಲ್ವರ ಹೆಸರನ್ನೂ ಹೇಳಿದ.

ಬೆಂಗಳೂರಿನವನು ಬರುವ ಭಾನುವಾರ ಜೀಪು ತರುತ್ತಾನಂತೆ. ಕೋನಮಾಪಕ ಹುಡುಕಿ ಇಡಬೇಕು.