ದೆವ್ವದ ತಲೆಗೆ ಕಟ್ಟಿದ್ರೆ ಮನುಷ್ಯ ಬಚಾವು

ಹೆದರಿಸ್ತಾ ಹೆದರಿಸ್ತಾನೇ ನಗಿಸೋ ಪಿಕ್ಚರ್ ಯಾವ್ದಾದ್ರೂ ಹೇಳಕ್ಕಾ ಅಂತ ಯಾರಾದ್ರೂ ಕೇಳಿದ್ರೆ ನಾನು ಈಗ್ಲೂ ಹೇಳೋದು ‘ಶ್!’ ಅಂತಲೇ. 1993ರಲ್ಲಿ ಬಂದಿದ್ದು. ಉಪೇಂದ್ರ ಡೈರೆಕ್ಟ್ ಮಾಡಿದ ಎರಡನೇ ಪಿಕ್ಚರ್. ಅದಕ್ಕೆ ಮುಂಚೆ ಜಗ್ಗೇಶ್ ಇರೋ ‘ತರ್ಲೆ ನನ್ಮಗ’, ಆಮೇಲೆ 1995ರಲ್ಲಿ ಶಿವಣ್ಣನ ‘ಓಂ’. ‘ಶ್!’ಗೆ ಕುಮಾರ್ ಗೋವಿಂದ್ ಹೀರೋ. ಉಪೇಂದ್ರ ಯಾರ ಹತ್ರ ಕೆಲ್ಸ ಕಲಿತ್ರೋ ಆ ಕಾಶಿನಾಥ್ ಕೂಡ ಅದ್ರಲ್ಲಿದಾರೆ. ನಮ್ಮನ್ನೆಲ್ಲ ನಗಿಸೋ ಸಾಧು ಕೋಕಿಲ ಮೊದಲು ಸಂಗೀತ ನಿರ್ದೇಶಕ ಆಗಿದ್ದೂ ಅಲ್ಲೇ.

ಕತೆ ಇಷ್ಟೇ. ಸಿನಿಮಾದೋರು ದೆವ್ವದ ಪಿಕ್ಚರ್ ತೆಗೆಯೋಕೆ ಹೋಗ್ತಾರೆ, ಅಲ್ಲಿ ನಿಜವಾಗ್ಲೂ ಕೊಲೆ ಶುರುವಾಗತ್ತೆ. ಯಾವ್ದು ಶೂಟಿಂಗು, ಯಾವ್ದು ನಿಜ ಅಂತ ನಮಗೂ ಗೊತ್ತಾಗಲ್ಲ. ಮಿಕ್ಕಿದ್ದು ಹೇಳಲ್ಲ, ನೋಡದೇ ಇರೋರು ನನ್ನ ಬಯ್ತೀರ.

ಇದರ ಮರುವರ್ಷ, 1994ರಲ್ಲಿ, ಫ್ರಾನ್ಸಲ್ಲೂ ಒಂದು ತಮಾಷೆ ಪಿಕ್ಚರ್ ಬಂತು. ‘ಲಾ ಸಿಟೆ ದ ಲಾ ಪರ್’, ಅಂದ್ರೆ ಭಯದ ಪಟ್ಟಣ. ಕಾನ್ ಚಿತ್ರೋತ್ಸವಕ್ಕೆ ಒಂದು ಕೆಟ್ಟ ಭಯದ ಪಿಕ್ಚರ್ ತಗೊಂಡು ಹೋಗಿರ್ತಾರೆ, ಯಾರಿಗೂ ಬೇಡ. ಅಷ್ಟರಲ್ಲಿ ಅದನ್ನ ಓಡಿಸೋ ಆಪರೇಟರ್‌ಗಳು ಒಬ್ಬೊಬ್ಬರೇ ಕೊಲೆ ಆಗ್ತಾರೆ. ಪಿಕ್ಚರಲ್ಲಿ ಇರೋ ಹಂಗೇ ಕುಡುಗೋಲು, ಸುತ್ತಿಗೆ. ಪ್ರಚಾರ ನೋಡ್ಕೊಳೋ ಹೆಂಗಸಿಗೆ ಒಳಗೊಳಗೇ ಖುಷಿ, ಪುಕ್ಕಟೆ ಪ್ರಚಾರ ಸಿಕ್ತಲ್ಲ ಅಂತ!

ನಗು ಬರತ್ತೆ, ನಿಜ. ಆದ್ರೆ ನಕ್ಕಾದ ಮೇಲೆ ಒಂದು ಮಾತು ತಲೇಲಿ ಕೂತ್ಕೊಳತ್ತೆ. ಜನ ಹೆದರಿದ್ರೆ ಲಾಭ ಯಾರಿಗೆ?

ನಮ್ಮ ಗೌರಿಬಿದನೂರು ಕಡೆ ಕನ್ನಡ ತೆಲುಗು ಎರಡೂ ಬೆರಕೆ. ದೆವ್ವ ಅನ್ನಿ, ದಯ್ಯಂ ಅನ್ನಿ, ಹೆದರಿಕೆ ಒಂದೇ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದು ನಿಮಗೂ ನೆನಪಿರಬೇಕು. ಅದ್ರಿಂದ ಯಾರಿಗೂ ನಷ್ಟ ಇರ್ಲಿಲ್ಲ, ಒಂದು ಸೀಮೆಸುಣ್ಣ ಅಷ್ಟೇ.

ಎಲ್ಲ ಹೆದರಿಕೇನೂ ಅಷ್ಟು ಅಗ್ಗ ಅಲ್ಲ ಕಣ್ರಮ್ಮ. ನಾನು ಚಿಕ್ಕೋಳಿದ್ದಾಗ ನಮ್ಮ ತವರಿನ ಪಕ್ಕದ ಹಳ್ಳೀಲಿ ಒಬ್ಬ ಸೊಸೆ ಬಾವೀಲಿ ಸಿಕ್ಕಿದ್ಲು. ಮದುವೆಯಾಗಿ ಎರಡು ವರ್ಷ ಆಗಿತ್ತು. ಮೋಹಿನಿ ಮೆಟ್ಕೊಂಡಿತ್ತು, ಅದೇ ಎಳ್ಕೊಂಡು ಹೋಯ್ತು ಅಂದ್ರು. ಹಿಂದಿನ ರಾತ್ರಿ ಆ ಮನೇಲಿ ಜಗಳದ ಸದ್ದು ಕೇಳಿದ್ದೋರು ಸುಮ್ಮನಾದ್ರು. ದೆವ್ವದ ಮೇಲೆ ಯಾರು ಕಂಪ್ಲೇಂಟ್ ಕೊಡ್ತಾರೆ? ವರ್ಷ ತುಂಬೋಕೆ ಮುಂಚೆ ಆ ಮನೇಲಿ ಇನ್ನೊಂದು ಮದುವೆ ಆಯ್ತು. ಬಾವಿಗೆ ಮಾತ್ರ ಮುಳ್ಳು ಹಾಕಿ ಮುಚ್ಚಿದ್ರು. ಆ ಹುಡುಗಿ ಅಮ್ಮ ಅದರ ಹತ್ರ ಬಂದು ಕೂತ್ಕೊಂಡು ಹೋಗೋಳು. ಅವಳನ್ನ ನೋಡಿದ್ರೂ ಮಕ್ಕಳು ಹೆದರಿ ಓಡೋರು.

ಅದಕ್ಕೇ ನನಗೆ ಈ ಥರ ಪಿಕ್ಚರ್‌ಗಳು ಇಷ್ಟ. ದೆವ್ವ ಬಂತು ಅಂತ ಎಲ್ಲ ಕಿರುಚ್ತಾ ಓಡೋವಾಗ, ಒಬ್ಬರಾದ್ರೂ ನಿಂತು ‘ಇದನ್ನ ಮಾಡಿದ ಮನುಷ್ಯ ಯಾರು?’ ಅಂತ ಕೇಳ್ತಾರೆ. ಸಿನಿಮಾದಲ್ಲಿ ಅದನ್ನ ಕೇಳೋಕೆ ಹೀರೋನೋ ಪೊಲೀಸೋ ಇರ್ತಾರೆ. ಊರಲ್ಲಿ ಪಕ್ಕದ ಮನೆಯೋರೇ ಕೇಳಬೇಕು. ಅಂದ್ರೆ ನಾವೇ.

ನಿಮ್ಮನೇಲಿ ಹೆಣ್ಣುಮಕ್ಕಳಿದ್ರೆ ‘ಶ್!’ ಜೊತೇಲಿ ಕೂತು ನೋಡಿ. ಹೆದರ್ಲಿ, ನಗ್ಲಿ. ಗಾಳಿ ಸೋಕ್ತು, ಮೆಟ್ಕೊಂತು ಅಂತ ಯಾರ ಮನೆ ಹುಡುಗಿ ಬಗ್ಗೆ ಮಾತು ಬಂದ್ರೂ, ಆ ಮನೇಲಿ ಅವಳಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕ್ತಾರಾ, ಯಾರಾದ್ರೂ ಕೈ ಮಾಡ್ತಾರಾ ಅಂತ ಮೊದಲು ವಿಚಾರಿಸೋದನ್ನೂ ಕಲೀಲಿ.