ಟ್ರಂಕಿನ ಮ್ಯಾಲಿನ ನಂಬರು

ಮಿಲ್ಟ್ರಿಯವರ ಸಂಸಾರಕ್ಕೆ ಎರಡು-ಮೂರು ವರ್ಷಕ್ಕೊಂದು ಊರು. ಬದಲಿಯ ಆರ್ಡರು ಬಂತೆಂದರೆ ಅವ್ವ ಭಾಂಡೆಗಳ ನಡುವೆ ಹಳೆ ಸೀರೆ ತುರುಕಿ ಕರಿ ಟ್ರಂಕು ತುಂಬುತ್ತಿದ್ದಳು. ಅಪ್ಪ ಅದರ ಮ್ಯಾಲೆ ಬಿಳಿ ಬಣ್ಣದಲ್ಲಿ ತನ್ನ ನಂಬರು, ಹುದ್ದೆ, ಹೆಸರು ಬರೀತಿದ್ದ. ರೈಲಿಗೆ ವಾರಂಟು, ನಮ್ಮ ಸಾಲಿಗೆ ದಾಖಲೆ, ಎಲ್ಲಕ್ಕೂ ಒಂದು ಕಾಗದ. ಹೋದ ಊರಿನಲ್ಲಿ ಕ್ವಾರ್ಟರ್ಸು ಕೊಡುತ್ತಿದ್ದುದು ಹುದ್ದೆ ನೋಡಿ, ಜಾತಿ ನೋಡಿ ಅಲ್ಲ.

ಅಪ್ಪನದು ಮಹಾರ್ ರೆಜಿಮೆಂಟು. ಅದರ ಮೊದಲ ಪಟಾಲಂ ಕಟ್ಟಿದ್ದು 1941ರಲ್ಲಿ, ನಮ್ಮ ಬೆಳಗಾವಿಯಲ್ಲೇ. ನಮ್ಮ ಜನಕ್ಕೆ ಮುಚ್ಚಿದ್ದ ಭರ್ತಿಯ ಬಾಗಿಲು ತೆಗೆಸಲು ಬಾಬಾಸಾಹೇಬರು ಪಟ್ಟು ಹಿಡಿದಿದ್ದರು.

ಗಡಿಗೆ ಬದಲಿಯಾದರೆ ಸಂಸಾರ ಒಯ್ಯುವಂತಿಲ್ಲ. ಆಗ ನಾವು ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದೆವು. ನಮ್ಮೂರು ಹುಕ್ಕೇರಿ ಕಡೆಯ ಹಳ್ಳಿ. ಹೈಸ್ಕೂಲಿನ ಸಲುವಾಗಿ ಗೋಕಾಕದಲ್ಲಿ, ಆಮೇಲೆ ಮೂಡಲಗಿಯಲ್ಲಿ ಬಾಡಿಗೆ ಮನೆ ಹುಡುಕಿದೆವು.

"ಮಿಲ್ಟ್ರಿಯವರೇನ್ರಿ? ಭಾಳ ಛಲೋ ಆತು," ಅನ್ನುತ್ತಿದ್ದ ಮಾಲಕರು ಮರುಗಳಿಗೆಗೇ ಕೇಳುತ್ತಿದ್ದರು: "ಯಾವ ಮಂದಿ ನೀವು?" ಅವ್ವ ಹೇಳುತ್ತಿದ್ದಳು. "ಮನಿ ಮೊನ್ನೇನ ಕೊಟ್ಟೇವ್ರಿ."

"ಬ್ಯಾರೆ ಜಾತಿ ಹೇಳಬೇಕಿತ್ತವ್ವಾ," ಅಂದೆ.

"ನಿಮ್ಮಪ್ಪ ಗಡಿಯೊಳಗ ಎದಿ ಕೊಟ್ಟು ನಿಂತಾನ. ನಾ ಇಲ್ಲಿ ಮುಚಗೊಂಡು ಕುಂದರ್ಲೇನು?"

ಟ್ರಂಕು ಇಳಿದದ್ದು ಕೇರಿಯಲ್ಲೇ. ಗೆಳೆಯರೇ, ಹಿಮದಾಗ ಕಾವಲಿಗೆ ನಿಲ್ಲಲು ಜಾಗ ಕೊಡುವ ನಾಡು ಊರೊಳಗೆ ಒಂದು ಖೋಲಿ ಕೊಡದಿದ್ದರೆ, ಮೊದಲು ದಾಟಬೇಕಾದ ಗಡಿ ಯಾವುದು?