ಕಮಲಾಪುರದ ದಾರಿ

1983ರಲ್ಲಿ ನನಗೆ ಸೈಕಲ್ ಪಂದ್ಯದ ಹುಚ್ಚು ಹಿಡಿದಿತ್ತು. ವರ್ಷವಿಡೀ, ವಾರಕ್ಕೆ ಮೂರು ದಿನ, ಬೆಳಗಿನ ಜಾವದಲ್ಲಿ ಐವಾನ್-ಎ-ಶಾಹಿಯ ಮುಂದಿನಿಂದ ಹೊರಟು, ತೊಗರಿ ಹೊಲಗಳ ನಡುವಣ ಹುಮನಾಬಾದ್ ರಸ್ತೆಯಲ್ಲಿ 30 ಕಿಲೋಮೀಟರಿಗೂ ಮಿಕ್ಕ ದೂರದ ಕಮಲಾಪುರವನ್ನು ಮುಟ್ಟಿ, ಅಲ್ಲಿಯ ಹೆಸರಾಂತ ಕೆಂಪು ಬಾಳೆಹಣ್ಣನ್ನು ತಿಂದು ಮರಳುತ್ತಿದ್ದೆ. ಗೇರುಗಳಿಲ್ಲದ ಆ ಭಾರವಾದ ಸೈಕಲ್ಲಿಗೆ ಏರಿಗಿಂತಲೂ ಎದುರುಗಾಳಿಯೇ ದೊಡ್ಡ ಶತ್ರು. ಏರಿಗೆ ಕೊನೆಯುಂಟು, ಬಯಲಿನ ಗಾಳಿಗೆ ಎಲ್ಲಿಯ ಕೊನೆ! ಬೆನ್ನು ಬಾಗಿಸಿ, ತುಳಿತದ ಲಯ ಕೆಡದಂತೆ ಸಾಗುವುದನ್ನು ಕಲಿಯಲು ಆರು ತಿಂಗಳು ಹಿಡಿಯಿತು.

ಸೈಕಲ್ಲು ತಂದೆಯವರದು. ಆ ದಿನಗಳಲ್ಲಿ ಅವರು ಕೆಲಸಕ್ಕೆ ನಡೆದೇ ಹೋಗುತ್ತಿದ್ದರು. ನಡಿಗೆ ದೇಹಕ್ಕೆ ಹಿತವೆನ್ನುತ್ತಿದ್ದರು. ನಾನೂ ನಂಬಿದ್ದೆ, ನಂಬುವುದು ಅನುಕೂಲವಾಗಿತ್ತು.

ಪಂದ್ಯದಲ್ಲಿ ಏಳನೆಯವನಾಗಿ ಬಂದೆ. ಗುರಿಗೆರೆಯ ಬಳಿ ತಂದೆಯವರು ನಿಂತಿದ್ದರು. ತಲೆ ತಗ್ಗಿಸಿದಾಗ ಅವರ ಚಪ್ಪಲಿಗಳು ಕಂಡವು. ಹಿಮ್ಮಡಿ ಪೂರ್ತಿಯಾಗಿ ಸವೆದಿತ್ತು. ಮರುದಿನ ಕ್ಯಾರಿಯರನ್ನು ಮತ್ತೆ ಬಿಗಿದು, ಸೈಕಲ್ಲನ್ನು ಅವರ ಕೈಗೆ ಕೊಟ್ಟೆ.